ಲಕ್ಷ್ಯ ನಿಲ್ಲದಾಕಿ

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ನನಗೆ ಗಾಳಿ ಹಿಡಿದಿದೆ ಎಂದು ಕೆಲವರು, ತಲೆ ಕೆಟ್ಟಿದೆ ಎಂದು ಕೆಲವರು, ಏನೂ ಆಗಿಲ್ಲ, ಬರೀ ಸೊಕ್ಕು ಎಂದು ಉಳಿದವರು ಮಾತಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಾರು ಹೇಳುವುದು ನಿಜವೆಂದು ನನಗೂ ಗೊತ್ತಿರಲಿಲ್ಲ. ಒಮ್ಮೊಮ್ಮೆ ಎಲ್ಲರೂ ಹೇಳುವುದು ಸರಿ ಅನ್ನಿಸುತ್ತಿತ್ತು.

ಮೊನ್ನೆ ಮೊಮ್ಮಗಳ ಶಾಲೆಯ ಗೇಟಿನ ಹತ್ತಿರ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು. ಮಗಳ ಬಗ್ಗೆ ಡಾಕ್ಟರು ಏನೋ ಹೆಸರು ಹೇಳಿದ್ದಾರೆ, ಗಂಡನ ಮನೆಯವರಿಗೆ ಹೇಗೆ ಹೇಳಲಿ ಎಂದು ಕೇಳಿದಳು. ಗಂಟೆ ಹೊಡೆಯಿತು, ಮಕ್ಕಳು ಓಡಿಬಂದರು, ನನಗೆ ಏನೂ ಹೇಳಲಾಗಲಿಲ್ಲ. ಅವಳಿಗೆ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ, ಪಿಂಜಾರರ ಮನೆಯಲ್ಲಿ. ಅಪ್ಪ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಆಮೇಲೆ ಅವ್ವ ಕೌದಿ ಹೊಲಿದು ನನ್ನನ್ನು ಸಾಕಿದಳು. ಅಕ್ಕಪಕ್ಕದ ನೇಕಾರರ ಮನೆಗಳಿಂದ ಹಳೆಯ ಸೀರೆಗಳು ಬರುತ್ತಿದ್ದವು. ಅವ್ವ ಅವನ್ನು ಪದರ ಪದರವಾಗಿ ಹಾಸಿ, ಒಂದು ತುದಿಗೆ ತಾನು ಕೂತು, ಇನ್ನೊಂದು ತುದಿಗೆ ನನ್ನನ್ನು ಕೂಡಿಸುತ್ತಿದ್ದಳು. ನನ್ನ ಮೊದಲ ಸಾಲಿನ ಹೊಲಿಗೆ ಇರುವೆಯ ಸಾಲಿನಂತೆ ನೇರವಾಗಿ, ಸಣ್ಣದಾಗಿ ಇರುತ್ತಿತ್ತು. ಗೇಣು ದೂರ ಹೋಗುವಷ್ಟರಲ್ಲಿ ಹೊಲಿಗೆ ಹಿಗ್ಗುತ್ತಿತ್ತು, ಸೊಟ್ಟಗಾಗುತ್ತಿತ್ತು. ಆಮೇಲೆ ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿರುತ್ತಿತ್ತು. ನಾನು ಪಕ್ಕದ ಮನೆಯ ಮಗ್ಗದ ಮುಂದೆ ಲಾಳಿ ಓಡುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಯಾವಾಗ ಎದ್ದೆ, ಯಾಕೆ ಎದ್ದೆ ಎನ್ನುವುದು ನನಗೆ ನೆನಪೇ ಇರುತ್ತಿರಲಿಲ್ಲ.

"ಕೈ ಇಲ್ಲೈತಿ, ಲಕ್ಷ್ಯ ಎಲ್ಲೈತಿ ನಿಂದು?" ಎಂದು ಅವ್ವ ಬೆನ್ನಿಗೆ ಹೊಡೆಯುತ್ತಿದ್ದಳು. ಶಾಲೆಯಲ್ಲಿ ಮಾಸ್ತರರೂ ಅದನ್ನೇ ಕೇಳುತ್ತಿದ್ದರು. ಅವರು ಪ್ರಶ್ನೆ ಮುಗಿಸುವ ಮೊದಲೇ ನಾನು ಉತ್ತರ ಕೂಗುತ್ತಿದ್ದೆ. ಬರೆಯುವ ಪಾಟಿ ಎಲ್ಲಿ ಎಂದರೆ ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಬಿಟ್ಟು ಬಂದಿರುತ್ತಿದ್ದೆ. ಆದರೆ ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಹಳೆಯ ಪೇಪರು ಸಿಕ್ಕರೆ ಸಾಕು, ಒಲೆಯ ಮುಂದೆ ಕೂತು ಅಕ್ಷರ ಅಕ್ಷರ ಓದುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಕರಕಾದರೂ ನನ್ನ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಸಿಟ್ಟು ಬರುತ್ತಿದ್ದುದು ಇದಕ್ಕೇ. ಇಷ್ಟು ಹೊತ್ತು ಪೇಪರು ಓದಲು ಬರುತ್ತದೆ, ಒಂದು ರೊಟ್ಟಿ ನೋಡಿಕೊಳ್ಳಲು ಬರುವುದಿಲ್ಲವೆಂದರೆ ಇವಳು ಬೇಕೆಂದೇ ಮಾಡುತ್ತಾಳೆ. ಕೇಳಿ ಕೇಳಿ ನಾನೂ ಅದನ್ನೇ ನಂಬಿದ್ದೆ. ನನ್ನೊಳಗೆ ನನಗೇ ಕಾಣದ ಒಬ್ಬ ಕೆಟ್ಟ ಹುಡುಗಿ ಇದ್ದಾಳೆ, ಎಲ್ಲವನ್ನೂ ಅವಳೇ ಬೇಕೆಂದು ಮಾಡುತ್ತಾಳೆ ಅಂದುಕೊಂಡಿದ್ದೆ.

ಲಕ್ಷ್ಮೇಶ್ವರದಿಂದ ನನ್ನನ್ನು ನೋಡಲು ಬಂದ ದಿನ ಅವ್ವ ಒಂದು ಕೌದಿಯನ್ನು ಹಾಸಿ ಬೀಗರನ್ನು ಕೂಡಿಸಿದಳು. "ನಮ್ಮ ಮಾಬೂಬಿ ಹೊಲದದ್ದರಿ," ಎಂದಳು. ಮುಂದೆ ನನ್ನ ಅತ್ತೆಯಾಗುವವರು ಕೌದಿಯ ಮೇಲೆ ಕೈಯಾಡಿಸಿ ನೋಡಿದರು. "ಚಲೋ ಐತಿ ಕೈ," ಎಂದರು. ಆ ಕೌದಿಯಲ್ಲಿ ಒಂದು ಮೂಲೆಯಷ್ಟೇ ನನ್ನದು. ಉಳಿದದ್ದೆಲ್ಲ ಅವ್ವನದು. ನಾನು ತಲೆ ತಗ್ಗಿಸಿ ಕೂತಿದ್ದೆ. ಅವ್ವನ ಮುಖ ನೋಡುವ ಧೈರ್ಯ ಆಗಲಿಲ್ಲ.

ನನ್ನ ಗಂಡನ ಹೆಸರು ರಾಜೇಸಾಬ. ಬಜಾರದಲ್ಲಿ ಅವರ ಸೈಕಲ್ ರಿಪೇರಿ ಅಂಗಡಿ. ಮಾತು ಬಹಳ ಕಡಿಮೆ. ಸಿಟ್ಟು ಬಂದರೆ ಇನ್ನೂ ಕಡಿಮೆ. ಮದುವೆಯಾದ ಹೊಸದರಲ್ಲಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಸುಮ್ಮನೆ ಉಂಡು ಹೋಗುತ್ತಿದ್ದರು. ನಳದ ಕೆಳಗೆ ಕೊಡ ಇಟ್ಟು ಮರೆತು ನೀರು ಅಂಗಳಕ್ಕೆಲ್ಲ ಹರಿದರೆ ತಾವೇ ನಳ ನಿಲ್ಲಿಸುತ್ತಿದ್ದರು. ಅತ್ತೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವರದೂ ತಪ್ಪಲ್ಲ. ಗಂಡ ಸತ್ತ ಮೇಲೆ ಒಬ್ಬರೇ ಆ ಮನೆಯನ್ನು ಹಿಡಿದು ನಿಲ್ಲಿಸಿದವರು ಅವರು. ಇಟ್ಟ ವಸ್ತು ಇಟ್ಟಲ್ಲಿರಬೇಕು. ನಾನು ಮುಟ್ಟಿದ ಯಾವ ವಸ್ತುವೂ ಇಟ್ಟಲ್ಲಿ ಇರುತ್ತಿರಲಿಲ್ಲ.

"ಕೌದಿ ಹೊಲದ ಕೈ ಇದ ಏನು?" ಎಂದು ಒಂದು ದಿನ ಕೇಳಿದರು.

ಮಗಳು ಹುಟ್ಟಿದಳು. ಅವಳನ್ನು ಮುನ್ನಿ ಎಂದು ಕರೆಯುತ್ತಿದ್ದೆವು. ಅವಳು ನಡೆಯಲು ಕಲಿತ ದಿನಗಳಲ್ಲಿ ಒಂದು ಬೆಳಿಗ್ಗೆ ಎರೆದು, ಮೈ ಒರೆಸಿ, ಅಂಗಿ ಹಾಕಿ ಪಡಸಾಲೆಯಲ್ಲಿ ಬಿಟ್ಟು, ಕಾಡಿಗೆ ತರಲೆಂದು ಒಳಗೆ ಹೋದೆ. ಒಳಗೆ ಟ್ರಂಕಿನ ಮುಚ್ಚಳ ಅರ್ಧ ತೆರೆದಿತ್ತು. ಮುಚ್ಚಲು ಹೋದರೆ ಬಟ್ಟೆ ಸಿಕ್ಕಿಕೊಂಡಿತು. ಬಟ್ಟೆ ತೆಗೆದು ಮಡಿಚಿದೆ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಮಡಿಚಿದೆ. ಹಾಗೇ ಇಡೀ ಟ್ರಂಕನ್ನು ನೆಲದ ಮೇಲೆ ಹರಡಿಕೊಂಡು ಕೂತುಬಿಟ್ಟೆ. ಮುನ್ನಿಯ ನೆನಪಾಗಿ ಹೊರಗೆ ಓಡಿಬಂದಾಗ ತಲೆಬಾಗಿಲು ತೆರೆದಿತ್ತು. ಪಡಸಾಲೆ ಖಾಲಿ.

ಓಣಿಯ ತುದಿಯಲ್ಲಿ ಒಂದು ಸೇದುವ ಬಾವಿ ಇತ್ತು. ಕಟ್ಟೆ ಗಿಡ್ಡದು. ಮುನ್ನಿ ಅದನ್ನು ಹತ್ತಿದ್ದಳು. ನೀರಿಗೆ ಬಂದಿದ್ದ ಹೆಂಗಸೊಬ್ಬಳು ಕೊಡ ಕೈಬಿಟ್ಟು ಮಗುವಿನ ಅಂಗಿ ಹಿಡಿದಿದ್ದಳು. ನಾನು ಓಣಿಗೆ ಇಳಿಯುವಷ್ಟರಲ್ಲಿ ಅತ್ತೆ ಮುನ್ನಿಯನ್ನು ಎತ್ತಿಕೊಂಡು ಎದುರಿಗೆ ಬರುತ್ತಿದ್ದರು. ಬಯ್ಯುತ್ತಾರೆಂದು ನಿಂತೆ. ಅವರು ಬಯ್ಯಲಿಲ್ಲ. ನನ್ನನ್ನು ದಾಟಿ ಒಳಗೆ ಹೋಗಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು ಹೇಳಿದರು: "ಇನ್ನ ಮ್ಯಾಲ ಕೂಸಿನ ತಂಟೇಕ ಬರಬ್ಯಾಡ ನೀನು."

ಆ ದಿನದಿಂದ ಮುನ್ನಿಗೆ ಎರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲ ಅವರೇ. ಮಗು ಅತ್ತರೆ ನಾನು ಏಳುವಂತಿರಲಿಲ್ಲ. ಎದ್ದರೆ ಅತ್ತೆ ಕಣ್ಣೆತ್ತಿ ನೋಡುತ್ತಿದ್ದರು, ನಾನು ಮತ್ತೆ ಕೂಡುತ್ತಿದ್ದೆ.

ಅತ್ತೆ ಮೊದಲು ನನ್ನನ್ನು ಒಂದು ದರ್ಗಾಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದ ಹಿರಿಯರು ನೀರಿನ ಮೇಲೆ ಓದಿ ಕುಡಿಸಿದರು, ಮರೆವು ಹೋಗಲೆಂದು ತೋಳಿಗೆ ತಾಯತ ಕಟ್ಟಿದರು. ವಾರದೊಳಗೆ ನಾನು ಆ ತಾಯತವನ್ನೇ ಎಲ್ಲೋ ಕಳೆದೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟಿದ್ದೆ, ಎಲ್ಲಿಟ್ಟೆನೋ ತಿಳಿಯದು. ಈಗ ಹೇಳುವಾಗ ನಗು ಬರುತ್ತದೆ. ಅವತ್ತು ಬಚ್ಚಲಲ್ಲಿ, ಹಿತ್ತಲಲ್ಲಿ, ಬೂದಿಯ ಗುಂಡಿಯಲ್ಲಿ ಕೈಯಾಡಿಸಿ ಹುಡುಕಿದಾಗ ನಗು ಬಂದಿರಲಿಲ್ಲ. ತಾಯತ ಹೋದದ್ದು ತಿಳಿದಾಗ ಅತ್ತೆ ಮಗನಿಗೆ ಹೇಳಿದರು: "ಇದು ನಮ್ಮಿಂದ ಆಗೂದಲ್ಲಪಾ. ಬೆಟಗೇರಿಗೆ ಬಿಟ್ಟು ಬಾ. ಮುನ್ನಿ ಇಲ್ಲೇ ಇರ್ಲಿ."

ನಾಲ್ಕು ದಿನ ಬಿಟ್ಟು ನನ್ನ ಗಂಡ ನನಗೆ ಹೇಳಿದರು: "ಗದಗಿಗೆ ವಾರಕ್ಕೊಮ್ಮಿ ಹುಬ್ಬಳ್ಳಿಯಿಂದ ಒಬ್ಬ ತಲಿ ಡಾಕ್ಟರ್ ಬರ್ತಾರಂತ. ಅಂಗಡಿಗೆ ಬರೂ ಮಾಸ್ತರೊಬ್ರು ಹೇಳಿದ್ರು. ಒಂದ್ಸಲ ತೋರ್ಸೂಣು. ನಿಮ್ಮವ್ವಗ ಖಬರ ಕಳಸ್ತೀನಿ, ಅವರೂ ಬರ್ಲಿ."

ತಲೆ ಡಾಕ್ಟರ್ ಎಂಬ ಮಾತು ಕೇಳಿ ಹೆದರಿದೆ. ಅಲ್ಲಿಗೆ ಹೋದವರನ್ನು ಧಾರವಾಡದ ಹುಚ್ಚರ ಆಸ್ಪತ್ರೆಗೆ ಕಳಿಸುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು.

ಡಾಕ್ಟರು ಕೂಡುತ್ತಿದ್ದುದು ಗದಗಿನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಾಯುವವರಿಗೆ ಮೆಟ್ಟಿಲ ತುದಿಯಲ್ಲಿ ಎರಡು ಬೆಂಚು. ಒಬ್ಬನ ಮುಂಗೈಯನ್ನು ಅವನ ಅಣ್ಣನ ಮುಂಗೈಗೆ ಟವೆಲ್ಲಿನಿಂದ ಕಟ್ಟಿದ್ದರು. ಹಸಿರು ಬಳೆಯ ಒಬ್ಬಳು ಹೊಸ ಮದುಮಗಳು ಗೋಡೆ ನೋಡಿ ಒಂದೇ ಸಮ ನಗುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಮುದುಕಿ ಅವಳ ಬಾಯಿಗೆ ಸೆರಗು ಒತ್ತುತ್ತಿದ್ದಳು. ನಾನೂ ಇವರ ಪೈಕಿಯೇ ಎಂದುಕೊಂಡೆ. ಅವ್ವ ಮುಖದ ತುಂಬ ಸೆರಗೆಳೆದುಕೊಂಡು ಬಂದಿದ್ದಳು. ಬೆಟಗೇರಿ ಗದಗಿಗೆ ಅಂಟಿಕೊಂಡೇ ಇದೆ, ಗುರುತಿನವರು ಯಾರಾದರೂ ಔಷಧಿಗೆ ಬಂದು ತಲೆ ಎತ್ತಿದರೆ ನಾವು ಕಾಣುತ್ತಿದ್ದೆವು. ಕಂಪೌಂಡರ್ ನನ್ನ ಹೆಸರು ಕೇಳಿದಾಗ ಅವ್ವ ತಟ್ಟನೆ "ಫಾತಿಮಾ" ಎಂದಳು. ನನ್ನ ಗಂಡ ತಿರುಗಿ ನೋಡಿದರು.

ಆಮೇಲೆ ಕಂಪೌಂಡರ್ ಬಾಗಿಲಲ್ಲಿ ನಿಂತು "ಫಾತಿಮಾ, ಫಾತಿಮಾ" ಎಂದು ಕೂಗಿದ. ನಾನು ಅಲ್ಲಾಡಲಿಲ್ಲ. ಯಾರೋ ಫಾತಿಮಾ ಕಿವಿ ಕೇಳದವಳು, ಪಾಪ, ಎಂದುಕೊಂಡು ಸುತ್ತ ನೋಡಿದೆ. ಅವ್ವ ತೊಡೆಗೆ ಚಿವುಟಿದಳು.

ಡಾಕ್ಟರು ನಡುವಯಸ್ಸಿನವರು. ನಿಧಾನವಾಗಿ ಮಾತಾಡುತ್ತಿದ್ದರು. ನಿದ್ದೆ ಬರುತ್ತದೆಯೇ, ಯಾರಾದರೂ ಕಿವಿಯಲ್ಲಿ ಮಾತಾಡಿದಂತೆ ಕೇಳುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಿದರು. ಮಗುವಿನ ಸಂಗತಿಯನ್ನು ನನ್ನ ಗಂಡ ಹೇಳಿದರು. ಡಾಕ್ಟರು ಅವ್ವನ ಕಡೆ ತಿರುಗಿದರು.

"ಸಣ್ಣಾಕಿ ಇದ್ದಾಗ ಹೆಂಗಿದ್ಲು, ಅವ್ವಾರ? ಶಾಲಿಯೊಳಗ, ಮನಿಯೊಳಗ?"

"ಚಂದಂಗ ಇದ್ಲರಿ," ಎಂದಳು ಅವ್ವ. "ಯಾರ ಕಡೆನೂ ಒಂದ ಮಾತು ಅನಿಸಿಕೊಂಡಾಕಿ ಅಲ್ಲರಿ. ಎಲ್ಲಾ ಕೆಲಸ ಹಸನ."

"ಮರೆವು, ಚಂಚಲ, ಅಂಥಾದ್ದೇನೂ ಇರಲಿಲ್ಲ?"

"ಇಲ್ಲರಿ ಸಾಹೇಬ್ರ. ಎಲ್ಲಾ ಹಡದ ಮ್ಯಾಲ ಸುರು ಆಗೇತಿ."

ಮೇಜಿನ ಕೆಳಗೆ ಅವ್ವನ ಕೈ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ಅಳಿಯನೆದುರು ಬೇರೆ ಏನು ಹೇಳಿಯಾಳು? ಕೊರತೆ ಇದ್ದ ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟೆವು ಎಂದು ಹೇಳಿದರೆ ಅಂದೇ ನನ್ನನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಡಾಕ್ಟರು ನನ್ನನ್ನೂ ನೋಡಿದರು. ನಾನೂ ತಲೆಯಾಡಿಸಿದೆ.

ಹೆರಿಗೆಯ ನಂತರ ಮನಸ್ಸು ಕುಗ್ಗಿದೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಅವರಿಗೆ ತಿಳಿದದ್ದರ ಮೇಲೆ ಅವರು ಹೇಳಿದ್ದು ಸರಿಯೇ ಇತ್ತು. ಆ ಗುಳಿಗೆಗಳು ನನ್ನನ್ನು ಹೂತುಹಾಕಿದವು. ಹಗಲೂ ನಿದ್ದೆ. ನಾಲಿಗೆ ಭಾರ. ಮೊದಲು ಲಕ್ಷ್ಯ ಎಲ್ಲೆಲ್ಲೋ ಓಡುತ್ತಿತ್ತು, ಈಗ ಇದ್ದಲ್ಲೇ ಸತ್ತು ಬಿದ್ದಿರುತ್ತಿತ್ತು. ಅತ್ತೆಗೆ ಒಂದು ರೀತಿ ಅನುಕೂಲವೇ ಆಯಿತು, ಯಾಕೆಂದರೆ ನಾನು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮುನ್ನಿಗೆ ಮಾತು ಬರತೊಡಗಿತ್ತು. ಅವಳು ಅತ್ತೆಯನ್ನು "ಅವ್ವಾ" ಎಂದು ಕರೆದದ್ದನ್ನು ನಾನು ಮೂಲೆಯಲ್ಲಿ ಮಲಗಿಕೊಂಡು ಕೇಳಿದೆ. ಅಳು ಬರಬೇಕಿತ್ತು. ಬರಲಿಲ್ಲ. ಗುಳಿಗೆ ಅದನ್ನೂ ಒಣಗಿಸಿತ್ತು.

ಒಂದು ದಿನ ಮಧ್ಯಾಹ್ನ ಅವ್ವ ಬಸ್ಸಿಳಿದು ಬಂದಳು. ನನ್ನನ್ನು ನೋಡಿ ಚೀಲ ಕೆಳಗಿಡುವುದನ್ನೇ ಮರೆತಳು. ಅಂಗಳದಲ್ಲಿ ಮುನ್ನಿ ಆಡುತ್ತಿದ್ದಳು. "ಬಾ ಮುನ್ನಿ, ಅವ್ವನ ಕಡೆ ಬಾ," ಎಂದು ಅವ್ವ ಅವಳನ್ನು ನನ್ನ ಕೈಗೆ ಕೊಡಲು ಎತ್ತಿದಳು. ಮಗು ನನ್ನ ಮುಖ ನೋಡಿತು. ಚೀರಿ, ಅವ್ವನ ಕೈಯಿಂದ ಜಾರಿ, ಅಡಿಗೆಮನೆಯಲ್ಲಿದ್ದ ಅತ್ತೆಯ ಕಾಲು ತಬ್ಬಿಕೊಂಡಿತು.

ಅವ್ವ ಆ ದಿನ ಊಟ ಮಾಡಲಿಲ್ಲ. ಸಂಜೆ ನನ್ನ ಗಂಡ ಅಂಗಡಿಯಿಂದ ಬರುವವರೆಗೂ ಕಟ್ಟೆಯ ಮೇಲೆ ಕೂತಿದ್ದಳು. ಅವರು ಬಂದ ಕೂಡಲೇ ಎದ್ದು ನಿಂತು, "ಅಳಿಯಾರ, ಇನ್ನೊಂದ ಸಲ ಆ ಡಾಕ್ಟರ್ ಕಡೆ ಹೋಗೂಣು. ನನಗ ಅವರ ಕೂಡ ಮಾತಾಡೂದೈತಿ," ಎಂದಳು.

ಆ ವಾರವೇ ಹೋದೆವು. ಈ ಸಲ ಅವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಿರಲಿಲ್ಲ. ಕಂಪೌಂಡರ್ ಹಳೆಯ ಚೀಟಿ ನೋಡಿ ಫಾತಿಮಾ ಎಂದು ಕೂಗಿದ. ಒಳಗೆ ಹೋಗಿ ಕೂತ ಮೇಲೆ ಡಾಕ್ಟರು ಏನನ್ನೂ ಕೇಳುವ ಮೊದಲೇ ಅವ್ವ ಹೇಳಿದಳು: "ಆಕಿ ಹೆಸರು ಫಾತಿಮಾ ಅಲ್ಲರಿ, ಮಾಬೂಬಿ. ನಾ ಸುಳ್ಳು ಹೇಳಿದ್ದೆ. ಉಳಿದದ್ದೂ ಸುಳ್ಳ ಹೇಳಿದ್ದೆ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಹೇಳ್ರಿ, ಅವ್ವಾರ. ಗಡಿಬಿಡಿ ಇಲ್ಲ."

ಅವ್ವ ಹೇಳಿದಳು. ಪಾಟಿ ಕಳೆದದ್ದು, ರೊಟ್ಟಿ ಸುಟ್ಟದ್ದು, ಮಾತಿನ ನಡುವೆ ಬಾಯಿ ಹಾಕುತ್ತಿದ್ದುದು, ಅಂಗಡಿಗೆ ಕಳಿಸಿದರೆ ಬರಿಗೈಯಲ್ಲಿ ಬರುತ್ತಿದ್ದುದು, ಹೊಡೆದರೂ ಬಡಿದರೂ ಮರುದಿನ ಮತ್ತೆ ಅದೇ. "ನಾಕ ವರ್ಷದಾಕಿ ಇದ್ದಾಗಿಂದ ಹಿಂಗ ಅದಾಳರಿ. ಹಡದ ಮ್ಯಾಲ ಬಂದದ್ದಲ್ಲ. ಓಡಾಡಿ ಓಡಾಡಿ ಸಾಕಾಗಿ ಮಲಗ್ತಿದ್ಲು, ನಿದ್ದಿಯೊಳಗೂ ಕಾಲು ಆಡಸ್ತಿದ್ಲು. ಬೀಗರಿಗೆ ತೋರ್ಸಿದ ಕೌದಿನೂ ನಾನ ಹೊಲದದ್ದು."

ನಾನು ಗಂಡನ ಕಡೆ ನೋಡಲಿಲ್ಲ. ಅವರ ಕುರ್ಚಿ ಕಿರ್ ಎಂದದ್ದು ಕೇಳಿಸಿತು.

"ಗೊತ್ತಿದ್ದೂ ಕೊಟ್ರಿ," ಎಂದರು ಅವರು. ಧ್ವನಿ ಏರಿರಲಿಲ್ಲ.

"ಗೊತ್ತಿದ್ದೂ ಕೊಟ್ಟೆ," ಎಂದಳು ಅವ್ವ. "ಹೇಳಿದ್ರ ನೀವು ತಗೋತಿದ್ರೇನು?"

ಕೆಳಗೆ ರಸ್ತೆಯಲ್ಲಿ ಟಾಂಗಾ ಹೋದ ಸದ್ದು. ಡಾಕ್ಟರು ಕನ್ನಡಕ ಹಾಕಿಕೊಂಡು, ಈಗ ನನಗೆ ಒಂದಿಷ್ಟು ಪರೀಕ್ಷೆ ಮಾಡುತ್ತೇನೆ ಎಂದರು. ಬೇಕಾದರೆ ಹೊರಗೆ ಕೂಡಬಹುದು ಎಂದು ನನ್ನ ಗಂಡನಿಗೆ ಹೇಳಿದರು. ಅವರು ಏಳಲಿಲ್ಲ.

ಮೊದಲು ಅಂಕಿಗಳನ್ನು ಹೇಳಿ, ಹಿಂದಿನಿಂದ ಮುಂದಕ್ಕೆ ಹೇಳು ಎಂದರು. ಆಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಅದರ ತುಂಬ ಕನ್ನಡ ಅಕ್ಷರಗಳು, ಅರ್ಥವಿಲ್ಲದೆ ಸಾಲು ಸಾಲಾಗಿ. "ಇದರೊಳಗ ಎಲ್ಲೆಲ್ಲಿ 'ಮ' ಐತಿ, ಅಲ್ಲಿ ಗೀಟು ಹೊಡೀಬೇಕು. ಒಂದೂ ಬಿಡಬಾರದು. ಅವಸರ ಮಾಡಬ್ಯಾಡ," ಎಂದರು.

ನನಗೆ ಇದು ಬರುತ್ತದೆ ಅನ್ನಿಸಿತು. ಅಕ್ಷರ ನನ್ನ ಇಷ್ಟದ್ದು. ಮೊದಲ ಸಾಲುಗಳಲ್ಲಿ ಒಂದೂ ಬಿಡಲಿಲ್ಲ. ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಗೋಡೆಯ ಗಡಿಯಾರದ ಟಿಕ್ ಟಿಕ್ ಕಿವಿಯೊಳಗೆ ಬಂದು ಕೂತಿತು. ಆಮೇಲೆ ಹೊರಗಿನ ಬೆಂಚಿನಲ್ಲಿ ಯಾರೋ ಕೆಮ್ಮಿದ್ದು. ಪೆನ್ಸಿಲಿನ ಮೈಯ ಮೇಲಿನ ಚಿನ್ನದ ಅಕ್ಷರ. ನಾನು ಹಲ್ಲು ಕಚ್ಚಿ ಕಣ್ಣನ್ನು ಮತ್ತೆ ಹಾಳೆಗೆ ಎಳೆದು ತಂದೆ. ಅದು ಮತ್ತೆ ಹೋಯಿತು. ಮತ್ತೆ ಎಳೆದೆ. ಈ ಹಾಳೆಯ ಮೇಲೆ ಮುನ್ನಿ ಇದ್ದಾಳೆ, ಒಂದು 'ಮ' ಬಿಟ್ಟರೂ ಅವಳು ನನಗಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಕೈ ನಡುಗತೊಡಗಿತು. ಬೆವರು ಇಳಿದು ಹಾಳೆ ಒದ್ದೆಯಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಶಕ್ತಿ ಹಾಕಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಡಾಕ್ಟರು ಹಾಳೆ ತೆಗೆದುಕೊಂಡು ನೋಡಿದರು. ಮೇಲಿನ ಸಾಲುಗಳು ಪೂರ್ತಿ. ಕೆಳಗೆ ಹೋದಂತೆ 'ಮ'ಗಳು ಗೀಟಿಲ್ಲದೆ ಹಾಗೇ ನಿಂತಿದ್ದವು. ಅವುಗಳನ್ನು ನಾನು ನೋಡಿಯೇ ಇರಲಿಲ್ಲ.

"ಇದು ಹುಚ್ಚಲ್ಲ," ಎಂದರು ಡಾಕ್ಟರು. "ಗಾಳಿನೂ ಅಲ್ಲ. ಆಕಿ ಬುದ್ಧಿಗೆ ಏನೂ ಆಗಿಲ್ಲ, ಬುದ್ಧಿ ಚುರುಕೈತಿ. ಲಕ್ಷ್ಯ ಹಿಡಿದು ನಿಲ್ಲಸೂ ಶಕ್ತಿ ಹುಟ್ಟಿನಿಂದನ ಕಡಿಮಿ. ಇದನ್ನ ಸಣ್ಣ ಮಕ್ಕಳೊಳಗ ನೋಡ್ತೀವಿ, ಅದಕ್ಕ ಹೆಸರೂ ಐತಿ. ದೊಡ್ಡವರೊಳಗ ಉಳಕೊಂಡಿರ್ತೈತಿ ಅಂದ್ರ ನಮ್ಮೊಳಗ ಭಾಳ ಮಂದಿ ಒಪ್ಪಂಗಿಲ್ಲ. ನಾ ಒಪ್ಪತೀನಿ."

"ವಾಸಿ ಆಗ್ತೈತೇನರಿ?" ಎಂದಳು ಅವ್ವ.

"ಹೋಗೂದಿಲ್ಲ. ಸಂಭಾಳಿಸಾಕ ಬರ್ತೈತಿ."

ಹೆಸರು ಸಿಕ್ಕರೆ ಸಮಾಧಾನವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಮೊದಲು ಬಂದದ್ದು ಸಿಟ್ಟು. ಬೆನ್ನ ಮೇಲೆ ಬಿದ್ದ ಅಷ್ಟೂ ಏಟುಗಳು ಒಟ್ಟಿಗೆ ನೆನಪಾದವು. ಬೇಕೆಂದೇ ಮಾಡುತ್ತಾಳೆ ಎಂದುಕೊಂಡಿದ್ದ ಆ ಕೆಟ್ಟ ಹುಡುಗಿ ಇರಲೇ ಇಲ್ಲ. ಇದ್ದದ್ದು ನಾನೊಬ್ಬಳೇ, ಏಟು ತಿಂದದ್ದೂ ನಾನೇ. ಅದರ ಹಿಂದೆಯೇ ಹೆದರಿಕೆ ಬಂತು. ಹೋಗುವುದಿಲ್ಲವೆಂದು ಡಾಕ್ಟರೇ ಹೇಳಿದ ಮೇಲೆ ನನ್ನನ್ನು ಇಟ್ಟುಕೊಳ್ಳುವವರು ಯಾರು?

ನನ್ನ ಗಂಡ ಎದ್ದು ಹೊರಗೆ ಹೋದರು. ನಾವು ಬೆಂಚಿಗೆ ಬಂದಾಗ ಅವರು ಅಲ್ಲಿರಲಿಲ್ಲ. ಕಾದೆವು. ಕಾಯುವವರೆಲ್ಲ ಒಬ್ಬೊಬ್ಬರಾಗಿ ಹೋದರು. ಡಾಕ್ಟರು ಚೀಲ ಹಿಡಿದು ಇಳಿದು ಹೋದರು. ಕಂಪೌಂಡರ್ ಕಸ ಗುಡಿಸತೊಡಗಿದ. ಅವ್ವ ಬಾಯಲ್ಲಿ ಏನೋ ಓದಿಕೊಳ್ಳುತ್ತಿದ್ದಳು. ನನ್ನ ಕೈ ಹಿಡಿಯಲು ಬಂದಳು, ನಾನು ಹಿಂದಕ್ಕೆ ತೆಗೆದುಕೊಂಡೆ.

"ಯಾಕ ಹೇಳಿದಿ?" ಎಂದು ಕೇಳಿದೆ. "ಇಷ್ಟು ದಿನ ಮುಚ್ಚಿಟ್ಟಾಕಿ ಈಗ ಯಾಕ ಹೇಳಿದಿ?"

"ನಾ ಎಷ್ಟ ಹೊಡದ್ರೂ ನೀ ನನ್ನ ಬಿಟ್ಟು ಓಡಲಿಲ್ಲವ್ವಾ," ಎಂದಳು ಅವ್ವ. "ಅಳಕೋತ ಮತ್ತ ನನ್ನ ಕಾಲಿಗೇ ಬಂದು ಬೀಳ್ತಿದ್ದಿ. ಮುನ್ನಿ ನಿನ್ನ ನೋಡಿ ಓಡಿದ್ಲು. ನನಗ ಅದನ್ನ ನೋಡಾಕ ಆಗಲಿಲ್ಲ."

ಕಡೆಗೆ ನನ್ನ ಗಂಡ ತಿರುಗಿ ಬಂದರು. ಎಲ್ಲಿ ಹೋಗಿದ್ದಿರೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅವ್ವನನ್ನು ಬೆಟಗೇರಿಯ ಟಾಂಗಾ ಹತ್ತಿಸಿದರು. ನನ್ನನ್ನು ಕರೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದರು. ಮುಳಗುಂದ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದವರು, ಕಡೆಗೆ ನನ್ನ ಕಡೆ ತಿರುಗದೆಯೇ ಹೇಳಿದರು: "ಆ ಹಾಳಿ ಮ್ಯಾಲ ಗೀಟು ಹೊಡೀವಾಗ ನಿನ್ನ ಕೈ ನೋಡ್ದೆ. ಇಷ್ಟ ದಿನ ನೀ ಬೇಕಂತ ಮಾಡ್ತಿ ಅಂತ ತಿಳಿದಿದ್ದೆ." ಅಷ್ಟೇ. ಊರು ಬರುವವರೆಗೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಗುಳಿಗೆ ಒಣಗಿಸಿದ್ದೆಲ್ಲ ಅವತ್ತು ಬಂತು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. "ಏನಂದ್ರು?"

"ಹುಟ್ಟಿನಿಂದ ಐತಂತ. ಹೋಗಂಗಿಲ್ಲಂತ," ಎಂದರು ನನ್ನ ಗಂಡ.

"ಹಂಗಾರ ನಾ ಹೇಳಿದ್ದ ಖರೆ ಆತು. ಬೆಟಗೇರಿಗೆ..."

"ಇಲ್ಲೇ ಇರ್ತಾಳ," ಎಂದು ಹೇಳಿ ಅವರು ಕಾಲು ತೊಳೆಯಲು ಬಚ್ಚಲಿಗೆ ಹೋದರು. ಅವರು ತಾಯಿಯ ಮಾತನ್ನು ನಡುವೆ ಕಡಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನದು ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಹಳೆಯ ಗುಳಿಗೆ ನಿಲ್ಲಿಸಿ ಡಾಕ್ಟರು ಬೇರೆ ಕೊಟ್ಟರು. ಇದಕ್ಕೆಂದೇ ಇರುವ ಔಷಧಿ ಹೊರದೇಶಗಳಲ್ಲಿ ಮಕ್ಕಳಿಗೆ ಕೊಡುತ್ತಾರೆ, ಇಲ್ಲಿ ಸಿಗುವುದು ಕಷ್ಟ, ಇದು ಅದರ ಬದಲಿಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬಾಯಿ ಒಣಗುತ್ತಿತ್ತು, ಮಲಬದ್ಧತೆ ಆಗುತ್ತಿತ್ತು. ಲಕ್ಷ್ಯ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಸ್ವಲ್ಪವೇ. ಉಳಿದದ್ದನ್ನು ಅವರು ಬಾಯಿಮಾತಿನಲ್ಲಿ ಕಲಿಸಿದರು. ಒಂದು ಕೆಲಸ ಹಿಡಿದರೆ ಅದರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಬೇಕು. ಮಗುವಿನ ಕಾಲಿಗೆ ಸದ್ದು ಮಾಡುವ ಗೆಜ್ಜೆ ಕಟ್ಟಬೇಕು, ಕಣ್ಣು ತಪ್ಪಿದರೂ ಕಿವಿಗೆ ತಿಳಿಯಲಿ. ತಲೆಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಬೇಕು. ಚಿಲಕವನ್ನು ನನ್ನ ಗಂಡ ಮರುದಿನವೇ ಹಾಕಿದರು.

"ಒಲಿ ಮ್ಯಾಲ ಬ್ಯಾಳಿ ಐತಿ, ಒಲಿ ಮ್ಯಾಲ ಬ್ಯಾಳಿ ಐತಿ" ಎಂದು ನಾನು ಹೇಳಿಕೊಳ್ಳುತ್ತ ಓಡಾಡುತ್ತಿದ್ದರೆ ಅತ್ತೆಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಈಗ ಖರೇನ ಹುಚ್ಚಿ ಕಂಡಂಗ ಕಾಣ್ತಾಳ," ಎಂದು ಪಕ್ಕದ ಮನೆಯವರಿಗೆ ಹೇಳಿದರು. ಕೆಲವು ತಿಂಗಳಾದ ಮೇಲೆ ನಾನು ಬಾಯಿ ಮುಚ್ಚಿದ್ದಾಗ ಅಂಗಳದಿಂದ ಅವರೇ "ಬ್ಯಾಳಿ" ಎಂದು ಕೂಗತೊಡಗಿದರು. ಮೊದಮೊದಲು ಅದು ಅಣಕವೇ ಆಗಿತ್ತು. ಯಾವಾಗ ಬರೀ ರೂಢಿಯಾಯಿತೋ ನಾವಿಬ್ಬರೂ ಗಮನಿಸಲಿಲ್ಲ.

ಅವ್ವ ಮತ್ತು ನನ್ನ ಗಂಡನ ನಡುವೆ ಮಾತ್ರ ಏನೂ ಸರಿಯಾಗಲಿಲ್ಲ. ಅವರು ನನ್ನನ್ನು ಬೆಟಗೇರಿಗೆ ಕಳಿಸುತ್ತಿದ್ದರು, ಹಬ್ಬಕ್ಕೆ ಅವ್ವನಿಗೆ ಸೀರೆಯನ್ನೂ ಕೊಟ್ಟು ಕಳಿಸುತ್ತಿದ್ದರು. ತಾವು ಆ ಹೊಸ್ತಿಲು ತುಳಿಯಲಿಲ್ಲ. ಅವ್ವನೂ ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಅವಳು ತೀರಿಕೊಂಡಾಗ ಅವರು ಬಂದು ಮಯ್ಯತ್ತಿಗೆ ಹೆಗಲು ಕೊಟ್ಟರು, ಮಣ್ಣು ಹಾಕಿ ಬಹಳ ಹೊತ್ತು ಅಲ್ಲೇ ನಿಂತಿದ್ದರಂತೆ. ನನಗೆ ಆ ಒಂದು ದಿನದ ಮಾತಿನಿಂದ ಮಗಳು ಉಳಿದಳು. ಅವ್ವನಿಗೆ ಮಗಳ ಮನೆಯ ಬಾಗಿಲು ಮುಚ್ಚಿತು. ಇದನ್ನು ನಾನು ಯಾವ ಕಡೆಯಿಂದ ತೂಗಿದರೂ ಸಮ ಆಗುವುದಿಲ್ಲ.

ಇನ್ನು ಅತ್ತೆಯ ಒಂದು ಸಂಗತಿ ಹೇಳಿ ಸಾಕುಮಾಡುತ್ತೇನೆ. ಡಾಕ್ಟರ ಹತ್ತಿರ ಎರಡನೆಯ ಸಲ ಹೋಗಿಬಂದು ಒಂದು ವರ್ಷ ಕಳೆದಿರಬೇಕು. ಶಿರಹಟ್ಟಿಯಲ್ಲಿ ಅತ್ತೆಯ ತಂಗಿ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ನನ್ನ ಗಂಡ ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದರು. ಅತ್ತೆ ಅಳುತ್ತಲೇ ಸೀರೆ ಉಟ್ಟರು, ಮುನ್ನಿಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋದರು. ಮಗುವಿಗೆ ಮೈ ಬೆಚ್ಚಗಿತ್ತು, ಹಿಂದಿನ ದಿನದಿಂದ ನೆಗಡಿ. ಬಸ್ಸಿನ ಹೊತ್ತಾಗಿತ್ತು. ಅವರು ಬಾಗಿಲಲ್ಲಿ ನಿಂತರು, ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವಳನ್ನು ನನ್ನ ಸೊಂಟಕ್ಕೆ ದಾಟಿಸಿ ಹೋದರು.

ಮೇಲಿನ ಚಿಲಕ ಹಾಕಿ ನಾನು ಬಾಗಿಲಿಗೆ ಒರಗಿ ನಿಂತೆ. ಇಡೀ ದಿನ ಮುನ್ನಿಯನ್ನು ಬಿಟ್ಟು ಒಂದು ಮಾರು ಹೋಗಲಿಲ್ಲ. ಮೊದಲು ಅವಳು ಅತ್ತೆಗಾಗಿ ಅತ್ತಳು. ನಾನು ಅವಳಿಗೆ ಹಳೆಯ ಪೇಪರನ್ನು ಓದಿ ಹೇಳಿದೆ, ಬೆಲೆ, ಮಳೆ, ಯಾವುದೋ ಊರಿನ ಸಭೆ, ಬಾಯಿಗೆ ಬಂದದ್ದು. ಅವಳಿಗೆ ಏನು ತಿಳಿಯಿತೋ, ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಮಧ್ಯಾಹ್ನ ನನ್ನ ಕೈಯಿಂದ ಅನ್ನ ಉಂಡಳು. ಸಂಜೆ ಹಾಲು ಕಾಯಲು ಇಟ್ಟೆ. "ಹಾಲು ಐತಿ, ಹಾಲು ಐತಿ" ಎಂದು ಹೇಳಿಕೊಳ್ಳುತ್ತಿದ್ದಾಗಲೇ ಮುನ್ನಿ ಕೆಮ್ಮಿದಳು. ಅವಳ ಎದೆ ಸವರುತ್ತ, ಮೂಗು ಒರೆಸುತ್ತ, ಮುಖ ನೋಡುತ್ತ ಕೂತೆ. ಸೀದ ವಾಸನೆ ಬಂದಾಗ ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಮುನ್ನಿಯನ್ನು ಎತ್ತಿಕೊಂಡೇ ಹೋಗಿ ಚಿಲಕ ತೆಗೆದೆ, ಅತ್ತೆ ಒಳಗೆ ಬಂದರು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಒಲೆ ನೋಡಿದರು. ಬೂದಿಯ ಮೇಲೆ ಇನ್ನೂ ಹೊಗೆ ಏಳುತ್ತಿತ್ತು. ಮುನ್ನಿಯ ಹಣೆ ಮುಟ್ಟಿ ನೋಡಿದರು. ಜ್ವರ ಇಳಿದಿತ್ತು. ಎತ್ತಿಕೊಳ್ಳಲೆಂದು ಕೈ ಚಾಚಿದರು. ಮುನ್ನಿ ಬರಲಿಲ್ಲ, ನನ್ನ ಕುತ್ತಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅತ್ತೆಯ ಕೈ ಹಾಗೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆಳಗಿಳಿಯಿತು. ಅವರು ಗೋಡೆಗೆ ಒರಗಿ ಕೂತರು.

"ಉಕ್ಕಿದ್ದು ಹೋಗ್ಲಿ," ಎಂದರು. "ಉಳಿದದ್ದರಾಗ ಒಂದ ಕಪ್ ಚಾ ಮಾಡು. ತಲಿ ಸಿಡೀತೈತಿ."

ನಾನು ಮುನ್ನಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಚಹಾ ಮಾಡಿದೆ.